ಸನ್ನದೂ ಇರಲಿ, ಅಂಕಣವೂ ಇರಲಿ

ಕಳೆದ ತಿಂಗಳು ವಕೀಲರ ಸಂಘದ ಲೈಬ್ರರಿಯಲ್ಲಿ ಒಬ್ಬ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಸನ್ನದು ಸಿಕ್ಕಿ ಎರಡು ವರ್ಷ ಆಗಿರಬಹುದು. ಬ್ಯಾಂಡ್ ಇನ್ನೂ ಕೊರಳಲ್ಲೇ ಇತ್ತು, ಕೈಯಲ್ಲಿ ನಾಲ್ಕು ಹಾಳೆ. ಮೆಲ್ಲಗೆ ಕೇಳಿದಳು: "ಮೇಡಂ, ಪೇಪರಿಗೆ ಬರೆದರೆ ಸನ್ನದಿಗೆ ತೊಂದರೆ ಆಗುತ್ತಾ?"

ಹಾಳೆಗಳನ್ನು ಇಸಕೊಂಡು ಓದಿದೆ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಜೈಲಿನಲ್ಲೇ ಉಳಿಯುವ ಬಡವರ ಬಗ್ಗೆ ಬರೆದಿದ್ದಳು. ಕೋರ್ಟಿನ ಕಾರಿಡಾರಿನಲ್ಲಿ ದಿನವೂ ನಿಂತವರಿಗೆ ಮಾತ್ರ ಕಾಣುವ ವಿವರಗಳಿದ್ದವು. ಇಂಥದ್ದನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ. ಕಾನೂನು ಗೊತ್ತಿದ್ದವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಕನ್ನಡದಲ್ಲಿ ಬರೆಯುವವರಿಗೆ ಎಷ್ಟೋ ಸಲ ತೀರ್ಪಿನ ಪ್ರತಿಯೇ ಕೈಗೆ ಸಿಕ್ಕಿರುವುದಿಲ್ಲ. ಹಾಗಾಗಿ ಅವಳು ಬರೆಯಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹನ್ನೊಂದು ವರ್ಷದಿಂದ ವಕೀಲಿಯ ಜೊತೆಗೇ ಕಾನೂನು ಮತ್ತು ರಾಜಕೀಯದ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಅಂದು ಅವಳಿಗೆ ಹೇಳಿದ್ದು, ಅಷ್ಟರಲ್ಲಿ ಅವಳ ಕೇಸು ಕರೆದುಬಿಟ್ಟಿದ್ದರಿಂದ ಹೇಳದೆ ಉಳಿದದ್ದು, ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಿಯಮ ಏನು ಹೇಳುತ್ತದೆ

ಮೊದಲು ಭಯ ಬಿಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮ 51ರಲ್ಲಿ ವಕೀಲರು ಪತ್ರಿಕೋದ್ಯಮ, ಪ್ರಸಾರ, ಉಪನ್ಯಾಸ, ಬೋಧನೆಯಲ್ಲಿ ತೊಡಗಬಹುದು ಎಂದು ಸ್ಪಷ್ಟವಾಗಿದೆ. ವಿಷಯ ಕಾನೂನಿನದೇ ಆಗಿರಬೇಕೆಂದೂ ಇಲ್ಲ. ಷರತ್ತು ಎರಡು: ಅದು ಜಾಹೀರಾತು ಆಗಬಾರದು, ಪೂರ್ಣಾವಧಿ ನೌಕರಿಯೂ ಆಗಬಾರದು. ಸಂಬಳದ ಪೂರ್ಣಾವಧಿ ಕೆಲಸ ಬೇಡ ಎನ್ನುವುದು ನಿಯಮ 49. ವಕೀಲರೊಬ್ಬರು ಪತ್ರಕರ್ತರೂ ಆಗಿರುವ ಪ್ರಶ್ನೆ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಪರಿಷತ್ತು ಇದೇ ನಿಯಮವನ್ನು ಮುಂದಿಟ್ಟಿತು. ಎಂದರೆ ವಾರಕ್ಕೊಂದು ಅಂಕಣ ಬರೆದು ಗೌರವಧನ ಪಡೆಯಲು ಅಡ್ಡಿಯಿಲ್ಲ. ಪತ್ರಿಕೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ತಿಂಗಳ ಸಂಬಳ ತೆಗೆದುಕೊಳ್ಳುವುದಾದರೆ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕು.

ನಿಜವಾಗಿ ಎಚ್ಚರ ಬೇಕಾದದ್ದು ನಿಯಮ 36ರಲ್ಲಿ. ಕೆಲಸ ಕೇಳಿಕೊಂಡು ಹೋಗಬಾರದು, ಜಾಹೀರಾತು ಮಾಡಿಕೊಳ್ಳಬಾರದು ಎಂಬಷ್ಟು ಎಲ್ಲರಿಗೂ ಗೊತ್ತು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ತಾನು ನಡೆಸುತ್ತಿರುವ ಕೇಸಿಗೆ ಸಂಬಂಧಿಸಿ ಪತ್ರಿಕೆಯಲ್ಲಿ ಟಿಪ್ಪಣಿ ಬರೆಯುವುದು, ಬೇರೆಯವರಿಂದ ಬರೆಸುವುದು, ತನ್ನ ಫೋಟೊ ಹಾಕಿಸುವುದು, ಇವೂ ಜಾಹೀರಾತೇ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಕೊಟ್ಟ ಹೇಳಿಕೆ ಮರುದಿನ ಫೋಟೊ ಸಮೇತ ಬರುವುದನ್ನು ನೋಡಿ ನೋಡಿ ನಮಗೆ ಇದು ತಪ್ಪೆಂದೇ ಅನಿಸದಂತಾಗಿದೆ.

ನಾನು ಇಟ್ಟುಕೊಂಡ ಕ್ರಮ ಹೀಗೆ. ವಿಷಯ ಹೊಳೆದ ಕೂಡಲೇ ಮೊದಲು ಚೇಂಬರಿನ ಡೈರಿ ತೆಗೆಯುತ್ತೇನೆ. ಆ ಇಲಾಖೆ, ಆ ಕಂಪನಿ, ಆ ಊರಿನ ವ್ಯಾಜ್ಯ ನಮ್ಮಲ್ಲಿ ಇದೆಯೇ? ಸೀನಿಯರ್ ವಕಾಲತ್ತು ಹಾಕಿದ್ದಾರೆಯೇ? ಇದ್ದರೆ ಆ ವಿಷಯವನ್ನು ಅಲ್ಲಿಗೇ ಬಿಡುತ್ತೇನೆ. ಕೇಸು ಇತ್ಯರ್ಥವಾದ ಮೇಲೆ ಬರೆಯಲೇಬೇಕು ಅನಿಸಿದರೆ ಕಕ್ಷಿದಾರರ ಒಪ್ಪಿಗೆ ಪಡೆದು, ಲೇಖನದ ಮೊದಲ ಪ್ಯಾರಾದಲ್ಲೇ "ಈ ಪ್ರಕರಣದಲ್ಲಿ ನಾನು ಅರ್ಜಿದಾರರ ವಕೀಲೆಯಾಗಿದ್ದೆ" ಎಂದು ಹೇಳುತ್ತೇನೆ. ಲೇಖನದ ಕೊನೆಯಲ್ಲಿ ಹೆಸರು, 'ವಕೀಲರು' ಎಂಬ ಒಂದು ಪದ, ಊರು, ಅಷ್ಟು ಸಾಕು. ಫೋನ್ ನಂಬರ್ ಬೇಡ.

ನಂಬರ್ ಹಾಕದಿದ್ದರೂ ಓದುಗರು ಹುಡುಕಿಕೊಂಡು ಬರುತ್ತಾರೆ. "ನಿಮ್ಮ ಲೇಖನ ಓದಿದೆ ಮೇಡಂ, ನಮ್ಮ ಕೇಸು ನೀವೇ ತಗೊಳ್ಳಿ" ಎಂದು ಫೈಲು ತಂದು ಟೇಬಲ್ ಮೇಲೆ ಇಡುತ್ತಾರೆ. ಕಷ್ಟದಲ್ಲಿರುವವರನ್ನು ಬರಿಗೈಯಲ್ಲಿ ಕಳಿಸುವುದು ಸುಲಭವಲ್ಲ. ಆದರೆ ಅಂಕಣದಿಂದ ಬಂದ ಕೇಸನ್ನು ನಾನು ತೆಗೆದುಕೊಳ್ಳುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸುತ್ತೇನೆ, 15100 ಸಹಾಯವಾಣಿ ಬರೆದುಕೊಡುತ್ತೇನೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಇವರಿಗೆಲ್ಲ ಅಲ್ಲಿ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ ಎನ್ನುವುದು ಎಷ್ಟೋ ಜನಕ್ಕೆ ತಿಳಿದೇ ಇಲ್ಲ.

ಕಕ್ಷಿದಾರರ ಗುಟ್ಟು

ಆ ಹುಡುಗಿಯ ನಾಲ್ಕು ಹಾಳೆಯಲ್ಲಿ ತುಂಬ ಮನಸ್ಸಿಗೆ ತಟ್ಟಿದ ಭಾಗವೇ ತುಂಬ ಅಪಾಯದ್ದೂ ಆಗಿತ್ತು. ಮೊಬೈಲ್ ಕದ್ದ ಆರೋಪದಲ್ಲಿ ಒಳಗಿದ್ದ ಒಬ್ಬ ಹುಡುಗನ ಕಥೆ ಅದು. ಹೆಸರು ಬದಲಿಸಿದ್ದಳು. ಆದರೆ ಅವನ ಊರಿತ್ತು, ವಯಸ್ಸಿತ್ತು, ಬಸ್ ಸ್ಟ್ಯಾಂಡ್ ಎದುರು ಅಮ್ಮ ಇಟ್ಟಿರುವ ಹೂವಿನ ಅಂಗಡಿಯೂ ಇತ್ತು. "ಇವನು ಯಾರ ಕಕ್ಷಿದಾರ?" ಎಂದು ಕೇಳಿದೆ. ಅವಳ ಸೀನಿಯರ್‌ದು. ಅಂಗಡಿ, ಊರು, ವಯಸ್ಸು, ಮೂರೂ ಸೇರಿದರೆ ಆ ಊರಿನವರಿಗೆ ಹೆಸರು ಬೇಕೇ? ವಕೀಲರ ಜೊತೆ ಆಡಿದ ಮಾತಿಗೆ ಕಾನೂನು ಕೊಟ್ಟಿರುವ ರಕ್ಷಣೆ, ಹಿಂದಿನ ಸಾಕ್ಷ್ಯ ಕಾಯ್ದೆಯ ಕಲಂ 126ರಲ್ಲಿದ್ದದ್ದು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರಲ್ಲಿದೆ. ಆ ಹೊಣೆ ಕೇಸು ಮುಗಿದ ಮೇಲೂ ಮುಗಿಯುವುದಿಲ್ಲ. ಅವನು ನಂಬಿ ಹೇಳಿದ್ದು ವಕೀಲರಿಗೆ, ಓದುಗರಿಗೆ ಅಲ್ಲ.

ಇಂಥ ಕಡೆ ನಾನು ಸಾರ್ವಜನಿಕ ದಾಖಲೆಯನ್ನೇ ನೆಚ್ಚುತ್ತೇನೆ. ಪ್ರಕಟವಾದ ತೀರ್ಪುಗಳಲ್ಲಿ ಇಂಥದ್ದೇ ಎಷ್ಟೋ ಬದುಕುಗಳಿವೆ. ತೀರ್ಪನ್ನು ಉಲ್ಲೇಖಿಸಲು ಹಕ್ಕುಸ್ವಾಮ್ಯದ ತೊಡಕೂ ಇಲ್ಲ. ಕಾನೂನು ವರದಿ ಪ್ರಕಟಿಸುವವರು ಸೇರಿಸಿದ ಟಿಪ್ಪಣಿ, ಸಾರಾಂಶಗಳನ್ನು ಎತ್ತಿಕೊಳ್ಳುವಂತಿಲ್ಲ ಅಷ್ಟೆ. 2023ರಿಂದ ಸುಪ್ರೀಂ ಕೋರ್ಟಿನ ವರದಿಗಳು ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತಿವೆ, ಕೆಲವು ಕನ್ನಡದಲ್ಲೂ ಇವೆ. ಒಂದು ವಿಷಯ ಮಾತ್ರ ಮರೆಯಬಾರದು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ತೋರಿಸುವುದೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ ಕಲಂ 72. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ ಕಲಂ 23. ತೀರ್ಪಿನಲ್ಲೇ ಕಣ್ತಪ್ಪಿ ಹೆಸರು ಉಳಿದಿದ್ದರೂ ನಾವು ಅದನ್ನು ಅಚ್ಚಿಗೆ ಕೊಡಬಾರದು.

ಸಹಿಯಾದ ಆದೇಶ ಬರುವವರೆಗೆ

ನಾನು ಎಡವಿದ್ದೂ ಇದೆ. ಕೆಲವು ವರ್ಷದ ಹಿಂದೆ ಒಂದು ಭೂಸ್ವಾಧೀನದ ರಿಟ್ ಅರ್ಜಿ ನಡೆಯುತ್ತಿತ್ತು. ಪೀಠ ಬಾಯಿಮಾತಿನಲ್ಲಿ ಹೇಳಿದ್ದನ್ನು ನೆಚ್ಚಿ, ಅಂಕಣದ ಗಡುವು ಹತ್ತಿರ ಬಂದಿದ್ದರಿಂದ, "ತಡೆಯಾಜ್ಞೆ ಸಿಕ್ಕಿದೆ" ಎಂದು ಬರೆದುಬಿಟ್ಟೆ. ಮೂರು ದಿನದ ನಂತರ ಸಹಿಯಾದ ಆದೇಶ ಬಂತು. ಅದರಲ್ಲಿದ್ದದ್ದು ಮುಂದಿನ ದಿನಾಂಕದವರೆಗೆ ಅರ್ಜಿದಾರರ ಮೇಲೆ ಬಲವಂತದ ಕ್ರಮ ಬೇಡ ಎಂಬ ಒಂದೇ ಸಾಲು. ಅರ್ಜಿದಾರರು ನಾಲ್ಕೇ ಮಂದಿ. ಅಷ್ಟರಲ್ಲಿ ಅರ್ಜಿ ಹಾಕದಿದ್ದ ಒಬ್ಬ ರೈತರು ನನ್ನ ಲೇಖನದ ಕಟಿಂಗ್ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ, "ಸ್ಟೇ ಇದೆ, ನನ್ನ ಜಮೀನಿಗೆ ಕಾಲಿಡಬೇಡಿ" ಎಂದು ವಾದಿಸಿ, ಎಲ್ಲರ ಎದುರು ಅವಮಾನಪಟ್ಟು ಬಂದಿದ್ದರು. ಆ ಕಟಿಂಗನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರಂತೆ. ಮುಂದಿನ ವಾರ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬರೆದೆ. ಅವರ ಕಳೆದುಹೋದ ಮಾನ ಅದರಿಂದ ವಾಪಸ್ ಬರಲಿಲ್ಲ.

ಅಂದಿನಿಂದ ಸಹಿಯಾದ ಪ್ರತಿ ಕೈಗೆ ಬರದೆ ಆದೇಶದ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ನಮ್ಮ ಪತ್ರಿಕೆಗಳಲ್ಲಿ "ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ ಹೈಕೋರ್ಟ್" ಎಂಬ ಶೀರ್ಷಿಕೆ ದಿನ ಬಿಟ್ಟು ದಿನ ಬರುತ್ತದೆ. ವಿಚಾರಣೆಯ ವೇಳೆ ನ್ಯಾಯಮೂರ್ತಿಗಳು ಆಡಿದ ಮಾತನ್ನು ವರದಿ ಮಾಡುವ ಹಕ್ಕು ಮಾಧ್ಯಮಕ್ಕಿದೆ, ಆದರೆ ಆ ಮಾತು ದಾಖಲೆಯ ಭಾಗವಲ್ಲ ಎಂದು ಚುನಾವಣಾ ಆಯೋಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಹೇಳಿತು. ವರದಿಗಾರರು ಬರೆಯಲಿ. ಕಾನೂನು ಬಲ್ಲವರೆಂದು ಜನ ನಂಬಿ ಓದುವ ನಾವು ಆ ತರಾಟೆಯನ್ನೇ ತೀರ್ಪೆಂದು ಬಿಂಬಿಸಬಾರದು. ನೇರಪ್ರಸಾರದ ತುಣುಕು ಕತ್ತರಿಸಿ ಹಂಚುವುದಂತೂ ಬೇಡವೇ ಬೇಡ. ಕರ್ನಾಟಕ ಹೈಕೋರ್ಟಿನ ನೇರಪ್ರಸಾರ ನಿಯಮಗಳು ಅದಕ್ಕೆ ಅವಕಾಶ ಕೊಟ್ಟಿಲ್ಲ.

ಪದಗಳ ವಿಷಯದಲ್ಲೂ ಇದೇ ನಿಷ್ಠುರತೆ ಬೇಕು. ವಿಶೇಷ ಅನುಮತಿ ಅರ್ಜಿಯನ್ನು ಕಾರಣ ಬರೆಯದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ "ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ" ಎಂದು ಬರುತ್ತದೆ. ಹಾಗೆ ವಜಾ ಆದ ಮಾತ್ರಕ್ಕೆ ಕೆಳಗಿನ ತೀರ್ಪನ್ನು ಒಪ್ಪಿದಂತಾಗುವುದಿಲ್ಲ ಎಂದು ಕುಂಞಹಮ್ಮದ್ ಪ್ರಕರಣದಲ್ಲಿ 2000ದಲ್ಲೇ ತೀರ್ಮಾನವಾಗಿದೆ. ವಿಚಾರಣೆಗೇ ಹೋಗದೆ ಆರೋಪದಿಂದ ಕೈಬಿಟ್ಟವರು ಬೇರೆ, ವಿಚಾರಣೆ ನಡೆದು ಖುಲಾಸೆ ಆದವರು ಬೇರೆ. ನೋಟಿಸ್ ಕೊಟ್ಟರೆ ಉತ್ತರ ಕೇಳಿದ್ದಾರೆ ಎಂದಷ್ಟೇ ಅರ್ಥ, ಅದು 'ಚಾಟಿ ಏಟು' ಅಲ್ಲ. ಕನ್ನಡದ ಓದುಗರಿಗೆ ಈ ವ್ಯತ್ಯಾಸ ಬೇಡ ಎಂದು ತಿಳಿಯುವುದು ಅವರಿಗೆ ಮಾಡುವ ಅಗೌರವ. ಆಸ್ತಿ ವ್ಯಾಜ್ಯದಲ್ಲಿ ಹತ್ತು ವರ್ಷ ಅಲೆದ ಯಾವ ರೈತರಿಗೂ ಯಥಾಸ್ಥಿತಿ ಎಂದರೇನು, ತಡೆಯಾಜ್ಞೆ ಎಂದರೇನು ಎಂದು ನಾವು ಹೇಳಿಕೊಡಬೇಕಿಲ್ಲ.

ತೀರ್ಪು ಓದುವ ಬಗೆ

ದೊಡ್ಡ ತೀರ್ಪು ಬಂದ ದಿನ ಸಂಪಾದಕರ ಫೋನ್ ಬರುತ್ತದೆ: "ಸಂಜೆಯೊಳಗೆ ಏಳುನೂರು ಪದ ಕೊಡ್ತೀರಾ?" ನನ್ನ ಉತ್ತರ ಯಾವಾಗಲೂ ಒಂದೇ, "ನಾಳಿದ್ದು ಕೊಡ್ತೀನಿ." ಬೊಮ್ಮಾಯಿ ಪ್ರಕರಣವನ್ನೇ ನೋಡಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು, ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ. ಒಂಬತ್ತು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ಅಭಿಪ್ರಾಯ. ಬಹುಮತ ಸದನದಲ್ಲೇ ಸಾಬೀತಾಗಬೇಕು, ರಾಜಭವನದಲ್ಲಲ್ಲ ಎಂಬುದು ಇಂದು ಎಲ್ಲರ ಬಾಯಲ್ಲಿದೆ. ಆದರೆ ಯಾವ ಮಾತಿಗೆ ಬಹುಮತವಿತ್ತು, ಯಾವುದು ಒಬ್ಬರದೇ ಅಭಿಪ್ರಾಯ ಎಂದು ತಿಳಿಯಲು ಆರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಬೇಕು. ಅಂಥದ್ದನ್ನು ಸಂಜೆಯೊಳಗೆ ಮಾಡಲು ಸಾಧ್ಯವೇ?

ನಾನು ಮೊದಲು ಕೊನೆಯ ಪುಟ ಓದುತ್ತೇನೆ, ಕೋರ್ಟ್ ಕೊನೆಗೆ ಏನು ಆದೇಶಿಸಿತು ಎಂದು. ಆಮೇಲೆ ಕೋರ್ಟ್ ತನಗೆ ತಾನು ಹಾಕಿಕೊಂಡ ಪ್ರಶ್ನೆಗಳು. ಭಿನ್ನ ತೀರ್ಪಿದ್ದರೆ ಬಹುಮತದ ತೀರ್ಪಿಗಿಂತ ಮುಂಚೆ ಅದನ್ನೇ ಓದುತ್ತೇನೆ, ಯಾಕೆಂದರೆ ಬಹುಮತದ ವಾದದಲ್ಲಿ ಎಲ್ಲಿ ಬಿರುಕಿದೆ ಎಂದು ಅದು ಬೆರಳಿಟ್ಟು ತೋರಿಸಿರುತ್ತದೆ. ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2022ರ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಂದು ಕಡೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಇನ್ನೊಂದು ಕಡೆ ಆದರು. ನನ್ನ ಒಲವು ಧುಲಿಯಾ ಅವರ ಕಡೆಗೆ. ಹುಡುಗಿಯೊಬ್ಬಳು ಶಾಲೆಗೆ ಬರುವುದೇ ದೊಡ್ಡದು, ಅವಳ ಆಯ್ಕೆ ಅವಳದು ಎಂಬ ಅವರ ನೋಟ ನನಗೆ ಸರಿಯೆನಿಸಿತು. ಆದರೂ ಅಂಕಣದ ಅರ್ಧ ಭಾಗವನ್ನು ಸಮವಸ್ತ್ರ ಮತ್ತು ಶಿಸ್ತಿನ ಬಗ್ಗೆ ಗುಪ್ತಾ ಅವರು ಹೇಳಿದ್ದಕ್ಕೆ ಮೀಸಲಿಟ್ಟೆ. ಅದನ್ನು ಒಪ್ಪುವವರು ಓದಿದಾಗ "ಹೌದು, ನಮ್ಮ ವಾದ ಇದೇ" ಅನ್ನಬೇಕು. ಆಮೇಲಷ್ಟೇ ನನ್ನ ಭಿನ್ನಾಭಿಪ್ರಾಯಕ್ಕೆ ಬೆಲೆ.

ಉದಾರವಾದಿಯಾಗಿ ಬರೆಯುವುದು ಎಂದರೆ ನನ್ನ ತಿಳಿವಳಿಕೆಯಲ್ಲಿ ಇದೇ. ವ್ಯಕ್ತಿಯ ಸ್ವಾತಂತ್ರ್ಯ, ಸಮಾನತೆ, ಪ್ರಭುತ್ವದ ಕೈಗೆ ಕಾನೂನಿನ ಕಡಿವಾಣ, ಇವುಗಳನ್ನು ನಮ್ಮವರಿಗೆ ಮಾತ್ರ ಕೇಳಿದರೆ ಅದು ಪಕ್ಷ ರಾಜಕಾರಣ. ಲೇಖನ ಮುಗಿದ ಮೇಲೆ ನಾನೊಂದು ಪರೀಕ್ಷೆ ಮಾಡುತ್ತೇನೆ: ಆರೋಪಿಯ ಹೆಸರು ತೆಗೆದು, ನನಗೆ ಎಳ್ಳಷ್ಟೂ ಇಷ್ಟವಿಲ್ಲದ ರಾಜಕಾರಣಿಯ ಹೆಸರು ಹಾಕಿ ಮತ್ತೆ ಓದುತ್ತೇನೆ. ಜಾಮೀನು ನಿಯಮ, ಜೈಲು ಅಪವಾದ ಎಂದು ಆಗಲೂ ನನಗೆ ಅನ್ನಿಸಬೇಕು. ಅನ್ನಿಸದಿದ್ದರೆ ಬರೆದದ್ದರಲ್ಲಿ ಎಲ್ಲೋ ಐಬಿದೆ. ನಾನು ಮತ ಹಾಕಿದ ಪಕ್ಷದ ಸರ್ಕಾರ ತಂದ ಮಸೂದೆಯನ್ನು ಟೀಕಿಸಿ ಬರೆದಾಗ ಹತ್ತಿರದ ಗೆಳೆಯರೇ ಎರಡು ತಿಂಗಳು ಮಾತು ಬಿಟ್ಟಿದ್ದರು. ನೋವಾಯಿತು. ಬರೆದದ್ದು ಸರಿಯೇ ಇತ್ತು.

ನ್ಯಾಯಾಂಗ ನಿಂದನೆ, ಮಾನನಷ್ಟ

1971ರ ನ್ಯಾಯಾಂಗ ನಿಂದನೆ ಕಾಯ್ದೆಯನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ, ಅರ್ಧ ಗಂಟೆ ಸಾಕು. ಕೊನೆಗೊಂಡ ಪ್ರಕರಣದ ತೀರ್ಪಿನ ಗುಣದೋಷದ ಬಗ್ಗೆ ನ್ಯಾಯಯುತ ಟೀಕೆ ನಿಂದನೆಯಲ್ಲ ಎನ್ನುತ್ತದೆ ಕಲಂ 5. ಸಾರ್ವಜನಿಕ ಹಿತಕ್ಕಾಗಿ ಸದುದ್ದೇಶದಿಂದ ಹೇಳಿದ ಸತ್ಯ ಸಮರ್ಥನೆಯಾಗಬಹುದು ಎಂದು 2006ರ ತಿದ್ದುಪಡಿ ಸೇರಿಸಿತು. ತೀರ್ಪನ್ನು ಎಷ್ಟು ಕಟುವಾಗಿ ಬೇಕಾದರೂ ವಿಮರ್ಶಿಸಿ, ತೀರ್ಪುಗಾರರ ಉದ್ದೇಶಕ್ಕೆ ಕೈಹಾಕಬೇಡಿ. 2020ರಲ್ಲಿ ಪ್ರಶಾಂತ್ ಭೂಷಣ್ ಅವರಿಗೆ ಎರಡು ಟ್ವೀಟ್‌ಗಳಿಗಾಗಿ 1 ರೂಪಾಯಿ ದಂಡ ಬಿತ್ತು. ಮೊತ್ತ ಸಣ್ಣದು, ಆದರೆ ಆ ಪ್ರಕ್ರಿಯೆಯನ್ನು ಎದುರಿಸಿ ನಿಲ್ಲುವ ಹಿರಿತನ ಎರಡು ವರ್ಷದ ಸನ್ನದಿನವರಿಗೆ ಇರುವುದಿಲ್ಲ. ನಡೆಯುತ್ತಿರುವ ಕೇಸಿನಲ್ಲಿ ಯಾವ ಸಾಕ್ಷಿ ನಿಜ, ಯಾವುದು ಸುಳ್ಳು ಎಂದು ಬರೆಯುವುದೂ ನಮ್ಮ ಕೆಲಸವಲ್ಲ, ಅದರೊಳಗಿನ ಕಾನೂನಿನ ಪ್ರಶ್ನೆಯನ್ನು ಬಿಡಿಸಿಡುವುದು ನಮ್ಮದು.

ಮಾನನಷ್ಟ ಈಗ ನ್ಯಾಯ ಸಂಹಿತೆಯ ಕಲಂ 356. ಅದರ ವಿನಾಯಿತಿಗಳು ಬರೆಯುವವರಿಗೆ ಬೇಲಿಯೂ ಹೌದು, ಬಾಗಿಲೂ ಹೌದು. 1926ರಲ್ಲಿ ಪುಣೆಯಲ್ಲಿ 'ದೇಶಾಚೆ ದುಶ್ಮನ್' ಎಂಬ ಪುಸ್ತಕದ ಮೇಲೆ ಮಾನನಷ್ಟದ ಕೇಸು ಬಿದ್ದಾಗ ಆ ಬ್ರಾಹ್ಮಣೇತರ ಲೇಖಕರ ಪರ ವಾದಿಸಿ ಗೆದ್ದವರು ಆಗಿನ್ನೂ ಯುವ ಬ್ಯಾರಿಸ್ಟರ್ ಆಗಿದ್ದ ಅಂಬೇಡ್ಕರ್. ಮರುವರ್ಷವೇ, ವಕೀಲಿ ನಡೆಸುತ್ತಲೇ, 'ಬಹಿಷ್ಕೃತ ಭಾರತ' ಪತ್ರಿಕೆ ಶುರುಮಾಡಿ ಅದರ ಪುಟಗಳನ್ನು ಬಹುತೇಕ ತಾವೇ ಬರೆದು ತುಂಬಿಸಿದರು. ಕರಿ ಕೋಟು, ಲೇಖನಿ ಎರಡನ್ನೂ ಹಿಡಿದ ನಮ್ಮ ಪರಂಪರೆ ಅಷ್ಟು ಹಿಂದಕ್ಕೆ ಹೋಗುತ್ತದೆ. ಕನ್ನಡದಲ್ಲಿ ಸಿ.ಎಚ್. ಹನುಮಂತರಾಯರ 'ವಕೀಲರೊಬ್ಬರ ವಗೈರೆಗಳು', ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ 'ಸಂವಿಧಾನ ಓದು' ಇವೆ. ಕಾನೂನನ್ನು ನಮ್ಮ ಮಾತಿನಲ್ಲಿ ಹೇಳುವುದು ಹೇಗೆ ಎಂದು ಕಲಿಯಲು ನಾನು ಜೂನಿಯರ್‌ಗಳಿಗೆ ಮೊದಲು ಕೊಡುವ ಪುಸ್ತಕಗಳು ಇವೇ.

ಮುಂದೆ ಜಡ್ಜ್ ಆಗಬೇಕೆಂದಿದ್ದರೆ

ಇದನ್ನು ಕೇಳದ ಜೂನಿಯರ್ ಇಲ್ಲ. ಬರೆದದ್ದು ಮುಂದೆ ಅಡ್ಡ ಬರುತ್ತದೆಯೇ? ಸೋಮಶೇಖರ್ ಸುಂದರೇಶನ್ ಅವರ ಹೆಸರನ್ನು ಬಾಂಬೆ ಹೈಕೋರ್ಟಿಗೆ ಶಿಫಾರಸು ಮಾಡಿದಾಗ, ಅವರು ಸಾಮಾಜಿಕ ಜಾಲತಾಣದಲ್ಲಿ ಅಭಿಪ್ರಾಯ ಹೇಳಿದ್ದಾರೆ ಎಂದು ಕೇಂದ್ರ ಸರ್ಕಾರ ಆಕ್ಷೇಪಿಸಿತು. ಅಭಿಪ್ರಾಯ ಹೇಳಿದ ಮಾತ್ರಕ್ಕೆ ಅನರ್ಹರಾಗುವುದಿಲ್ಲ ಎಂದು ಕೊಲಿಜಿಯಂ 2023ರ ಜನವರಿಯಲ್ಲಿ ಮತ್ತೆ ಅದೇ ಹೆಸರು ಕಳಿಸಿತು, ನವೆಂಬರ್‌ನಲ್ಲಿ ಅವರು ನ್ಯಾಯಮೂರ್ತಿ ಆದರು. ಅದೇ ಹೊತ್ತಿನಲ್ಲಿ, ಪ್ರಧಾನಿಯವರನ್ನು ಟೀಕಿಸಿದ ಲೇಖನವೊಂದನ್ನು ಹಂಚಿಕೊಂಡರೆಂಬ ಆಕ್ಷೇಪ ಎದುರಿಸಿದ ಮದ್ರಾಸಿನ ಜಾನ್ ಸತ್ಯನ್ ಅವರ ಹೆಸರನ್ನು ಕೊಲಿಜಿಯಂ ಮತ್ತೆ ಕಳಿಸಿದರೂ, ಸರ್ಕಾರ ಅದನ್ನು ಬದಿಗಿಟ್ಟು ಬೇರೆಯವರನ್ನು ನೇಮಿಸಿತು. ಇದು ಕಳವಳದ ಸಂಗತಿ ಎಂದು ಕೊಲಿಜಿಯಂ ಮಾರ್ಚ್‌ನಲ್ಲಿ ದಾಖಲಿಸಿತು. ಎರಡೂ ನಿಮ್ಮ ಮುಂದಿವೆ. ಬರೆಯುವುದಕ್ಕೆ ಬೆಲೆ ತೆರಬೇಕಾಗಬಹುದು ಎಂದು ಗೊತ್ತಿದ್ದೇ ಬರೆಯಬೇಕು. ಸರ್ಕಾರಿ ವಕೀಲರ ಪಟ್ಟಿಗೆ ಸೇರಿದರೆ ಮಾತ್ರ ಅಂಕಣ ನಿಲ್ಲಿಸಿ, ಆಗ ಸರ್ಕಾರವೇ ನಿಮ್ಮ ಕಕ್ಷಿದಾರ.

ಸಮಯ

ವಾರದ ದಿನಗಳಲ್ಲಿ ಬರೆಯಲು ಹೋಗಬೇಡಿ. ಸಂಜೆ ಚೇಂಬರ್, ರಾತ್ರಿ ಮರುದಿನದ ಕಾಸ್ ಲಿಸ್ಟ್. ನಾನು ಬರೆಯುವುದು ಭಾನುವಾರ ಬೆಳಗ್ಗೆ 5ರಿಂದ 8, ಮನೆಯವರು ಏಳುವ ಮುಂಚೆ. ವಾರವಿಡೀ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಸಾಲುಗಳನ್ನು ಗೀಚಿಕೊಂಡಿರುತ್ತೇನೆ. ಕ್ರಾಸ್ ಇರುವ ವಾರ ಅಂಕಣ ಇಲ್ಲ ಎಂದು ಸಂಪಾದಕರಿಗೆ ಮೊದಲೇ ಹೇಳಿರುತ್ತೇನೆ. ಅಂಥ ವಾರಕ್ಕೆಂದೇ ಹಳಸದ ಎರಡು ಲೇಖನ ಸಿದ್ಧವಿರುತ್ತವೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುವ 22ನೇ ವಿಧಿ, ಬಂಧನದ ವೇಳೆ ಪೊಲೀಸರು ಏನೇನು ಪಾಲಿಸಬೇಕೆಂದು 1996ರಲ್ಲಿ ಡಿ.ಕೆ. ಬಸು ಪ್ರಕರಣ ಹೇಳಿದ್ದು, ಇಂಥವು. ಯಾವಾಗ ಅಚ್ಚಾದರೂ ಅದು ಬೇಕಾದವರು ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಸೀನಿಯರ್ ಮಾತು. ಮೊದಲ ಲೇಖನ ಅಚ್ಚಾಗುವ ಮುಂಚೆ ಅವರಿಗೆ ತೋರಿಸಲೇಬೇಕು. ಚೇಂಬರಿನ ಹೆಸರು ನಿಮ್ಮ ಹೆಸರಿನ ಜೊತೆ ಅಂಟಿಕೊಂಡಿರುತ್ತದೆ, ಪೇಪರ್ ನೋಡಿ ಅವರಿಗೆ ತಿಳಿಯುವಂತೆ ಮಾಡುವುದು ಸರಿಯಲ್ಲ. ಹೂವಿನ ಅಂಗಡಿಯ ಹುಡುಗನನ್ನು ಬಿಟ್ಟು, ಪ್ರಕಟವಾದ ಒಂದು ತೀರ್ಪಿನಿಂದ ಉದಾಹರಣೆ ತೆಗೆದುಕೊಂಡು ಮತ್ತೆ ಬರೆದು, ನಾನು ಹೇಳಿದಂತೆ ಅವಳು ತನ್ನ ಸೀನಿಯರ್ ಟೇಬಲ್ ಮೇಲೆ ಇಟ್ಟು ಬಂದಿದ್ದಳು. ಎರಡು ದಿನ ಅವರು ಏನೂ ಹೇಳಲಿಲ್ಲವಂತೆ. ಮೂರನೇ ದಿನ ಆ ಹಾಳೆಗಳು ಅವಳ ಫೈಲಿನೊಳಗೆ ವಾಪಸ್ ಬಂದಿದ್ದವು. ಎರಡನೇ ಪುಟದಲ್ಲಿ ಅವಳು 'ಅಪರಾಧಿ' ಎಂದು ಬರೆದಿದ್ದನ್ನು ಪೆನ್ಸಿಲ್‌ನಲ್ಲಿ ಹೊಡೆದು, ಮೇಲೆ 'ಆರೋಪಿ' ಎಂದು ತಿದ್ದಿದ್ದರು.